ಯುದ್ಧವನ್ನು ಮುಂಗಂಡ ಕತೆಗಾರ

ವಿಮಾನ ಇನ್ನೂ ಹಾರಿರದ 1901ರಲ್ಲಿ ಎಚ್.ಜಿ. ವೆಲ್ಸ್ ‘ಎ ಡ್ರೀಮ್ ಆಫ್ ಆರ್ಮಗೆಡ್ಡನ್’ ಎಂಬ ಸಣ್ಣಕತೆ ಪ್ರಕಟಿಸಿದರು. ರೈಲಿನಲ್ಲಿ ಎದುರು ಕುಳಿತವನೊಬ್ಬ ತನ್ನ ಕನಸನ್ನು ನಿರೂಪಿಸುತ್ತಾನೆ. ಭವಿಷ್ಯದ ಆ ಕನಸಿನಲ್ಲಿ ಅವನು ಅಧಿಕಾರ ತೊರೆದು ಪ್ರೇಯಸಿಯೊಡನೆ ಕಾಪ್ರಿ ದ್ವೀಪ ಸೇರಿದ ರಾಜಕೀಯ ನಾಯಕ. ಹಿಂತಿರುಗಿದರೆ ಯುದ್ಧವನ್ನು ತಡೆಯಬಲ್ಲ; ಹಿಂತಿರುಗುವುದಿಲ್ಲ. ಆಕಾಶದಲ್ಲಿ ಯುದ್ಧವಿಮಾನಗಳು ಸಾಲುಗಟ್ಟುತ್ತವೆ. ಯುದ್ಧ ವಿಧಿಲಿಖಿತವಲ್ಲ, ಹೊಣೆ ಹೊರಬೇಕಾದವರು ಹಿಂಜರಿದಾಗ ಒದಗುವ ಅನಾಹುತ ಎಂಬ ಭಾವ ವೆಲ್ಸ್ ಅವರ ಬರವಣಿಗೆಯಲ್ಲಿ ಮತ್ತೆ ಮತ್ತೆ ಕಾಣುತ್ತದೆ.

1866ರಲ್ಲಿ ಇಂಗ್ಲೆಂಡಿನ ಬ್ರಾಮ್ಲಿಯಲ್ಲಿ ಬಡ ಅಂಗಡಿಕಾರನ ಮಗನಾಗಿ ಹುಟ್ಟಿದ ಅವರು, ಬಟ್ಟೆ ಅಂಗಡಿಯ ಚಾಕರಿಯಿಂದ ಬಿಡಿಸಿಕೊಂಡು, ವಿದ್ಯಾರ್ಥಿವೇತನದ ಬಲದಿಂದ ಲಂಡನ್ನಿನಲ್ಲಿ ಥಾಮಸ್ ಹಕ್ಸ್ಲಿ ಅವರ ಜೀವಶಾಸ್ತ್ರದ ತರಗತಿ ತಲುಪಿದವರು.

1903ರ ‘ದಿ ಲ್ಯಾಂಡ್ ಐರನ್‌ಕ್ಲ್ಯಾಡ್ಸ್’ ಕತೆಯಲ್ಲಿ ಕಂದಕಗಳನ್ನು ದಾಟುವ ಉಕ್ಕಿನ ಯಂತ್ರಗಳಿದ್ದವು; 1916ರಲ್ಲಿ ಸೊಮ್ ರಣಭೂಮಿಗೆ ನಿಜವಾದ ಟ್ಯಾಂಕುಗಳೇ ಬಂದವು. 1914ರ ‘ದಿ ವರ್ಲ್ಡ್ ಸೆಟ್ ಫ್ರೀ’ ಕಾದಂಬರಿಯಲ್ಲಿ ಅಣುಬಾಂಬುಗಳು ನಗರಗಳನ್ನು ಸುಡುತ್ತವೆ. ಅದನ್ನು 1932ರಲ್ಲಿ ಓದಿದ ಭೌತವಿಜ್ಞಾನಿ ಲಿಯೊ ಸಿಲಾರ್ಡ್, ಮರುವರ್ಷ ಪರಮಾಣು ಸರಪಳಿ ಕ್ರಿಯೆಯ ಸಾಧ್ಯತೆಯನ್ನು ಮನಗಂಡರು. ಅದೇ ಕಾದಂಬರಿಯಲ್ಲಿ, ದುರಂತದ ಬಳಿಕ ರಾಷ್ಟ್ರಗಳ ಮುಖ್ಯಸ್ಥರು ಒಂದೆಡೆ ಸೇರಿ ಜಾಗತಿಕ ಸರ್ಕಾರ ರಚಿಸುತ್ತಾರೆ. ಆ ಭಾಗವನ್ನು ಯಾರೂ ಪ್ರಯೋಗಕ್ಕೆ ತರಲಿಲ್ಲ.

ಪರ್ಯಾಯ ಹುಡುಕುವಾಗ ಅವರಿಗೆ ವಿನೋದವೂ ವರ್ಜ್ಯವಾಗಿರಲಿಲ್ಲ. 1913ರ ‘ಲಿಟಲ್ ವಾರ್ಸ್’ ಆಟಿಕೆ ಸೈನಿಕರ ಕದನಕ್ಕೆ ಬರೆದ ನಿಯಮಾವಳಿ. ಯುದ್ಧೋತ್ಸಾಹಿಗಳನ್ನು ಒಂದೆಡೆ ಕೂಡಿಹಾಕಿ ಈ ಆಟ ಆಡಿಸಿದರೆ ಉಳಿದವರು ನೆಮ್ಮದಿಯಿಂದ ಬಾಳಬಹುದೆಂಬ ಸೂಚನೆ ಅದರಲ್ಲಿದೆ. ಮರುವರ್ಷವೇ ಮಹಾಯುದ್ಧ ಆರಂಭವಾದಾಗ ಅದೇ ಲೇಖಕರು, ಇದು ಯುದ್ಧಗಳನ್ನೇ ಕೊನೆಗಾಣಿಸುವ ಯುದ್ಧವೆಂದು ಸಾರಿದರು. 1918ರಲ್ಲಿ ಜರ್ಮನಿಯ ವಿರುದ್ಧದ ಪ್ರಚಾರ ಇಲಾಖೆಯಲ್ಲಿ ದುಡಿದರು. ಅವರ ಬಾಳಿನ ದೊಡ್ಡ ಎಡವಟ್ಟು ಇದೇ ಎಂದು ನನ್ನ ಎಣಿಕೆ. ಜಾಗತಿಕ ಸರ್ಕಾರವನ್ನು ವಿಜ್ಞಾನ ಬಲ್ಲ ತಜ್ಞರ ಕೈಗೊಪ್ಪಿಸಿದರೆ ಸಾಕೆಂಬ ನಂಬಿಕೆಯೂ ಅವರಿಗಿತ್ತು. ಕಡತಗಳ ನಡುವೆ ಆಯುಷ್ಯ ಕಳೆದ ನನಗೆ ತಜ್ಞರ ಮೇಲೆ ಅಷ್ಟು ಭರವಸೆಯಿಲ್ಲ.

ಎರಡನೆಯ ಮಹಾಯುದ್ಧ ಬಂದಾಗ ಅವರ ಧ್ವನಿ ಬೇರೆಯಾಗಿತ್ತು. ಯಾವುದಕ್ಕಾಗಿ ಹೋರಾಡುತ್ತಿದ್ದೇವೆ ಎಂಬುದು ಮೊದಲು ಇತ್ಯರ್ಥವಾಗಲಿ ಎಂದು ಪಟ್ಟು ಹಿಡಿದು, 1940ರಲ್ಲಿ ಮಾನವ ಹಕ್ಕುಗಳ ಘೋಷಣೆಯೊಂದನ್ನು ಚರ್ಚೆಗಿಟ್ಟರು. ಹಿರೋಶಿಮಾ ಸುಟ್ಟ ಸುದ್ದಿ ತಲುಪಿದಾಗ ಅವರು ಲಂಡನ್ನಿನಲ್ಲಿ ಕಾಯಿಲೆಯಿಂದ ಜರ್ಜರಿತರಾಗಿದ್ದರು. ಒಂದು ವರ್ಷದ ಬಳಿಕ, 1946ರ ಆಗಸ್ಟ್ 13ರಂದು ತೀರಿಕೊಂಡರು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಗೆ ಮೊದಲ ಕರಡು ಸಿದ್ಧಪಡಿಸುವಾಗ ಮುಂದಿದ್ದ ಪತ್ರಗಳಲ್ಲಿ ವೆಲ್ಸ್ ಅವರದೂ ಒಂದಿತ್ತು. 1948ರಲ್ಲಿ ಅದು ಅಂಗೀಕಾರವಾದದ್ದನ್ನು ನೋಡಲು ಅವರು ಉಳಿದಿರಲಿಲ್ಲ.