ತಾನೇ ತೆರೆಯುವ ಗೇಟು

ಶಂಕರಪುರದ ನಮ್ಮ ಮಲ್ಲಿಗೆ ತೋಟಕ್ಕೆ ನೀರು ಬಿಡ್ಲಿಕ್ಕೆ ವಾಲ್ವ್ ತಿರುಗಿಸುವವರು ಒಬ್ಬರು ಬೇಕೇ ಬೇಕು. ತಾನೇ ತೆರೆದು ಮುಚ್ಚುವ ಗೇಟನ್ನು ಜಲಾಶಯಕ್ಕೆ ಕೂರಿಸಿದವರು ಸರ್ ಎಂ. ವಿಶ್ವೇಶ್ವರಯ್ಯ.

1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಪುಣೆಯಲ್ಲಿ ಎಂಜಿನಿಯರಿಂಗ್ ಓದಿ ಮುಂಬೈ ಸರ್ಕಾರದ ಕೆಲಸಕ್ಕೆ ಸೇರಿದರು. ಪುಣೆಗೆ ನೀರು ಕೊಡುವ ಖಡಕ್‌ವಾಸ್ಲಾದಲ್ಲಿ ಮಳೆನೀರು ಕೋಡಿ ಹರಿದು ಹೋಗ್ತಿತ್ತು, ಬೇಸಗೆಗೆ ಸಾಲ್ತಿರಲಿಲ್ಲ. ಅವರು ಅಣೆಕಟ್ಟು ಎತ್ತರಿಸಲಿಲ್ಲ. 1903ರಲ್ಲಿ ಕೋಡಿಯ ಮೇಲೆ ಪ್ರತಿಭಾರಕ್ಕೆ ತೂಗುವ ಗೇಟುಗಳನ್ನು ಇಟ್ಟರು. ನೀರು ಸುಮಾರು 8 ಅಡಿ ಹೆಚ್ಚು ನಿಂತಿತು. ಮಿತಿ ಮೀರಿದರೆ ನೀರೇ ಗೇಟು ತೆರೆಯುತ್ತದೆ, ಇಳಿದರೆ ಮುಚ್ಚುತ್ತದೆ. ಕರೆಂಟೂ ಇಲ್ಲ, ಮೋಟಾರೂ ಇಲ್ಲ!

1906ರಲ್ಲಿ ಏಡನ್ನಿಗೆ ಹೋಗಿ ಅಲ್ಲಿಯ ಕುಡಿಯುವ ನೀರಿಗೂ ಯೋಜನೆ ಮಾಡಿಕೊಟ್ಟರು. 1909ರಲ್ಲಿ ಮೈಸೂರಿಗೆ ಬಂದದ್ದು, 1912ರಲ್ಲಿ ದಿವಾನರಾದದ್ದು ಎಲ್ಲರಿಗೂ ಗೊತ್ತು, ಬಿಡಿ. ಅವರು 1962ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅಂಥ ಗೇಟುಗಳು ಕನ್ನಂಬಾಡಿಗೂ ಬಂದಾಗಿತ್ತು.