ಸೈಕಲ್ಲಿನ ಜನಕ ಕಾರ್ಲ್ ಡ್ರೈಸ್

ಜರ್ಮನಿಯ ನೈಋತ್ಯ ಭಾಗದಲ್ಲಿ, ರೈನ್ ನದಿಯ ದಂಡೆಯ ಮೇಲೆ ಮ್ಯಾನ್‌ಹೈಮ್ ಎಂಬ ನಗರವಿದೆ. ಚದುರಂಗದ ಮಣೆಯಂತೆ ಚೌಕ ಚೌಕವಾಗಿ ಕಟ್ಟಿದ ಊರು ಅದು. ಅದರ ಹಳೆಯ ಭಾಗದ ಚೌಕಗಳನ್ನು ಇಂದಿಗೂ ಅಕ್ಷರ ಮತ್ತು ಅಂಕೆಗಳಿಂದಲೇ ಗುರುತಿಸುತ್ತಾರೆ. ಮಾನವನ ಸಂಚಾರದ ರೀತಿಯನ್ನೇ ಬದಲಿಸಿದ ಎರಡು ವಾಹನಗಳು ಈ ಒಂದೇ ಊರಿನ ಬೀದಿಗಳಲ್ಲಿ ಮೊದಲು ಉರುಳಿದವು. ಒಂದು ಸೈಕಲ್ಲಿನ ಮೂಲರೂಪ; ಇನ್ನೊಂದು ಮೋಟಾರು ಕಾರು. ಕಾರನ್ನು ನಿರ್ಮಿಸಿದ ಕಾರ್ಲ್ ಬೆಂಜನಿಗೆ ಕೀರ್ತಿಯೂ ಸಂಪತ್ತೂ ಒಲಿದವು. ಅವನಿಗಿಂತ ಸುಮಾರು ಎಪ್ಪತ್ತು ವರ್ಷ ಮೊದಲು ಎರಡು ಗಾಲಿಗಳ ಯಂತ್ರವನ್ನು ಓಡಿಸಿ ತೋರಿಸಿದ ಕಾರ್ಲ್ ಡ್ರೈಸನಿಗೆ ಕೊನೆಗೆ ಉಳಿದದ್ದು ಅಪಹಾಸ್ಯ ಮತ್ತು ಬಡತನ.

ಡ್ರೈಸನು 1785ನೆಯ ಇಸವಿ ಏಪ್ರಿಲ್ 29ರಂದು ಬಾಡೆನ್ ಸಂಸ್ಥಾನದ ರಾಜಧಾನಿಯಾದ ಕಾರ್ಲ್ಸ್‌ರೂ ನಗರದಲ್ಲಿ ಜನಿಸಿದನು. ಅವನ ಮನೆತನ ಕುಲೀನವಾದುದು. ತಂದೆ ಮುಂದೆ ಆ ಸಂಸ್ಥಾನದ ಉನ್ನತ ನ್ಯಾಯಾಧೀಶನಾದನು. ಮಗನು ಹೈಡೆಲ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ ಅರಣ್ಯ ಇಲಾಖೆಯ ಅಧಿಕಾರಿಯಾದನು. ಆದರೆ ಅವನ ಮನಸ್ಸು ಕಚೇರಿಯ ಕೆಲಸಕ್ಕಿಂತ ಯಂತ್ರಗಳ ಕಡೆಗೇ ಎಳೆಯುತ್ತಿತ್ತು. ಹೊಸ ಸಾಧನಗಳನ್ನು ರಚಿಸುವುದರಲ್ಲಿಯೇ ಅವನು ಮಗ್ನನಾದನು. 1813ರಲ್ಲಿ, ಒಳಗೆ ಕುಳಿತವರ ಮೈಬಲದಿಂದಲೇ ಚಲಿಸುವ ನಾಲ್ಕು ಗಾಲಿಗಳ ಬಂಡಿಯೊಂದನ್ನು ಕಟ್ಟಿದನು. ಅದು ಜನರ ಮೆಚ್ಚುಗೆ ಪಡೆಯಲಿಲ್ಲ. ಆದರೂ ಕುದುರೆಯಿಲ್ಲದೆ ಸಾಗುವ ವಾಹನದ ಕನಸನ್ನು ಅವನು ಬಿಡಲಿಲ್ಲ.

ಆ ಕಾಲದಲ್ಲಿ ನೆಲದ ಮೇಲೆ ಬೇಗ ಸಾಗಬೇಕಾದರೆ ಕುದುರೆಯೇ ಗತಿ. ಕುದುರೆಯನ್ನು ಸಾಕಲು ಓಟ್ಸ್ ಧಾನ್ಯ ಬೇಕು. 1815ರಲ್ಲಿ ಇಂಡೋನೇಷ್ಯದ ತಂಬೋರಾ ಜ್ವಾಲಾಮುಖಿ ಭೀಕರವಾಗಿ ಸಿಡಿಯಿತು. ಅದು ಉಗುಳಿದ ಧೂಳು ಮತ್ತು ಅನಿಲಗಳು ವಾಯುಮಂಡಲದಲ್ಲಿ ಹರಡಿ, ಮರುವರ್ಷ ಯೂರೋಪಿನಲ್ಲಿ ಬೇಸಿಗೆಯೇ ಇಲ್ಲವೆಂಬಂತಾಯಿತು. ಬೆಳೆಗಳು ಕೆಟ್ಟವು, ಧಾನ್ಯದ ಬೆಲೆ ಗಗನಕ್ಕೇರಿತು, ಮನುಷ್ಯರಿಗೇ ಆಹಾರ ಸಾಲದಾಗ ಕುದುರೆಗಳಿಗೆ ಹಾಕುವುದೇನು? ಈ ಸಂಕಟವೇ ಡ್ರೈಸನನ್ನು ಮತ್ತೆ ವಾಹನದ ಚಿಂತನೆಗೆ ಹಚ್ಚಿತೆಂದು ಕೆಲವು ಇತಿಹಾಸಕಾರರು ಅಭಿಪ್ರಾಯಪಡುತ್ತಾರೆ.

ಈ ಸಲ ಅವನು ಎರಡೇ ಗಾಲಿಗಳನ್ನು ಒಂದರ ಹಿಂದೆ ಒಂದರಂತೆ ಜೋಡಿಸಿದನು. ನಡುವೆ ಮರದ ತೊಲೆ, ಅದರ ಮೇಲೆ ಕುಳಿತುಕೊಳ್ಳಲು ಆಸನ, ಮುಂದಿನ ಗಾಲಿಯನ್ನು ತಿರುಗಿಸಲು ಒಂದು ಹಿಡಿ. ಇಂದಿನ ಸೈಕಲ್ಲಿನಂತೆ ಪೆಡಲಾಗಲಿ ಸರಪಳಿಯಾಗಲಿ ಅದಕ್ಕಿರಲಿಲ್ಲ. ಸವಾರನು ಕಾಲುಗಳಿಂದ ನೆಲವನ್ನು ಒದೆಯುತ್ತ ಮುಂದೆ ಸಾಗಬೇಕಾಗಿತ್ತು. 1817ನೆಯ ಇಸವಿ ಜೂನ್ 12ರಂದು ಡ್ರೈಸನು ಈ ಯಂತ್ರವನ್ನೇರಿ ಮ್ಯಾನ್‌ಹೈಮಿನಿಂದ ಶ್ವೆಟ್ಸಿಂಗನ್ ದಾರಿಯ ಕುದುರೆ ಬದಲಿಸುವ ಠಾಣೆಯವರೆಗೆ ಹೋಗಿ ಹಿಂದಿರುಗಿದನು. ಸುಮಾರು 13 ಕಿಲೋಮೀಟರುಗಳ ಈ ಪಯಣಕ್ಕೆ ಒಂದು ಗಂಟೆಯೂ ಹಿಡಿಯಲಿಲ್ಲ. ನಡೆದು ಹೋಗುವವನಿಗೆ ಇದರ ಎರಡರಷ್ಟಕ್ಕೂ ಹೆಚ್ಚು ಹೊತ್ತು ಬೇಕಾಗುತ್ತಿತ್ತು. ಎರಡು ಗಾಲಿಗಳ ಮೇಲೆ ಬೀಳದೆ ಸಾಗಬಹುದು, ಚಲನೆಯೇ ಸಮತೋಲವನ್ನು ಕಾಪಾಡುತ್ತದೆ ಎಂಬುದನ್ನು ಅವನು ಜಗತ್ತಿಗೆ ತೋರಿಸಿಕೊಟ್ಟನು. ಮುಂದಿನ ಎಲ್ಲ ಸೈಕಲ್ಲುಗಳಿಗೂ ತಳಹದಿಯಾದುದು ಈ ಸತ್ಯವೇ.

1818ರ ಜನವರಿಯಲ್ಲಿ ಬಾಡೆನ್ನಿನ ಅರಸನು ಈ ಯಂತ್ರದ ಹಕ್ಕನ್ನು ಡ್ರೈಸನಿಗೆ ನೀಡಿದನು. ಯಂತ್ರಶಾಸ್ತ್ರದ ಪ್ರಾಧ್ಯಾಪಕನೆಂಬ ಬಿರುದನ್ನೂ ವೇತನವನ್ನೂ ದಯಪಾಲಿಸಿದನು. ಆದರೆ ಆ ಹಕ್ಕು ಸಂಸ್ಥಾನದ ಗಡಿಯನ್ನು ದಾಟುತ್ತಿರಲಿಲ್ಲ. ಪ್ಯಾರಿಸ್, ಲಂಡನ್ ನಗರಗಳಲ್ಲಿ ಈ ಯಂತ್ರ ಬಹು ಬೇಗ ಪ್ರಸಿದ್ಧವಾಯಿತು. ಅದನ್ನು ಅನುಕರಿಸಿ ಮಾಡಿದವರು ಹಣ ಗಳಿಸಿದರು.

ಅಷ್ಟರಲ್ಲಿ ಅನಿರೀಕ್ಷಿತವಾದ ತೊಡಕೊಂದು ಎದುರಾಯಿತು. ಅಂದಿನ ರಸ್ತೆಗಳು ಕುದುರೆಗಾಡಿಗಳ ಚಕ್ರಗಳಿಂದ ಹಳ್ಳಬಿದ್ದು ಒರಟಾಗಿದ್ದವು. ಅವುಗಳ ಮೇಲೆ ಎರಡು ಗಾಲಿಗಳ ಯಂತ್ರ ನಿಲ್ಲುವುದೇ ಕಷ್ಟ. ಆದುದರಿಂದ ಸವಾರರು ಪಾದಚಾರಿಗಳ ನಯವಾದ ದಾರಿಯನ್ನು ಹತ್ತಿದರು. ನಡೆಯುವವರು ಇದನ್ನು ಹೇಗೆ ತಾನೇ ಸಹಿಸಿಯಾರು? ಮೊದಲು ಮ್ಯಾನ್‌ಹೈಮ್, ಬಳಿಕ ಮಿಲಾನ್, ಲಂಡನ್ ಮುಂತಾದ ನಗರಗಳ ಆಡಳಿತಗಳು ಕಾಲುದಾರಿಯ ಮೇಲೆ ಈ ಯಂತ್ರವನ್ನು ನಿಷೇಧಿಸಿದವು. ಗಾಡಿಗಳ ರಸ್ತೆಯಲ್ಲಿ ಅದಕ್ಕೆ ಎಡೆಯಿಲ್ಲ. ನಡೆಯುವವರ ದಾರಿಯಲ್ಲಿ ಅದಕ್ಕೆ ಅನುಮತಿಯಿಲ್ಲ. ಯಂತ್ರದಲ್ಲಿ ಕುಂದುಗಳಿದ್ದರೂ ಅದನ್ನು ಸೋಲಿಸಿದುದು ಮುಖ್ಯವಾಗಿ ಸ್ಥಳದ ಅಭಾವ. ಈ ಸಂಗತಿಯನ್ನು ನಾವು ಮರೆಯಬಾರದು.

ಡ್ರೈಸನ ಬಾಳಿನಲ್ಲಿ ಬೇರೆ ಬಿರುಗಾಳಿಯೂ ಎದ್ದಿತು. 1819ರಲ್ಲಿ ಕಾರ್ಲ್ ಸಾಂಡ್ ಎಂಬ ವಿದ್ಯಾರ್ಥಿ ಮ್ಯಾನ್‌ಹೈಮಿನಲ್ಲಿ ಕೋಟ್ಸೆಬು ಎಂಬ ನಾಟಕಕಾರನನ್ನು ರಾಜಕೀಯ ದ್ವೇಷದಿಂದ ಕೊಂದನು. ಸಾಂಡನಿಗೆ ಮರಣದಂಡನೆಯಾಯಿತು. ಅವನಿಗೆ ಕ್ಷಮೆ ದೊರೆಯದಿದ್ದುದಕ್ಕೆ ನ್ಯಾಯಾಧೀಶನಾಗಿದ್ದ ಡ್ರೈಸನ ತಂದೆಯೇ ಕಾರಣವೆಂದು ಸಾಂಡನ ಅಭಿಮಾನಿಗಳು ಕೆರಳಿದರು. ಅವರ ಕೋಪ ಮಗನ ಮೇಲೂ ತಿರುಗಿತು. ಕಿರುಕುಳವನ್ನು ತಾಳಲಾರದೆ ಅವನು 1822ರಲ್ಲಿ ಬ್ರೆಜಿಲ್ ದೇಶಕ್ಕೆ ಹೋಗಿ ಅಲ್ಲಿ ಭೂಮಾಪನದ ಕೆಲಸ ಮಾಡಿಕೊಂಡಿದ್ದನು. 1827ರಲ್ಲಿ ಸ್ವದೇಶಕ್ಕೆ ಮರಳಿ ಮತ್ತೆ ಯಂತ್ರಗಳ ಕೆಲಸದಲ್ಲಿ ತೊಡಗಿದನು. ಅಕ್ಷರಗಳನ್ನು ಒತ್ತುವ ಬೆರಳಚ್ಚು ಯಂತ್ರ, ಸೌದೆಯನ್ನು ಉಳಿಸುವ ಒಲೆ ಮೊದಲಾದುವು ಅವನ ಇತರ ರಚನೆಗಳು.

1848ರಲ್ಲಿ ಜರ್ಮನಿಯಲ್ಲಿ ಪ್ರಜಾಪ್ರಭುತ್ವಕ್ಕಾಗಿ ಕ್ರಾಂತಿ ಎದ್ದಿತು. ಡ್ರೈಸನು ಅದರ ಪರವಾಗಿ ನಿಂತನು. 1849ರಲ್ಲಿ ತನ್ನ ಕುಲೀನ ಪದವಿಯನ್ನು ತ್ಯಜಿಸಿ ಸಾಮಾನ್ಯ ಪ್ರಜೆಯೆಂದು ಸಾರಿಕೊಂಡನು. ಪ್ರಷ್ಯದ ಸೈನ್ಯ ಕ್ರಾಂತಿಯನ್ನು ಅಡಗಿಸಿತು. ವಿರೋಧಿಗಳು ಅವನನ್ನು ಹುಚ್ಚನೆಂದು ಸಾಧಿಸಲು ಹವಣಿಸಿದರು. ಅವನ ನಿವೃತ್ತಿ ವೇತನವನ್ನು ಮುಟ್ಟುಗೋಲು ಹಾಕಲಾಯಿತು. 1851ನೆಯ ಇಸವಿ ಡಿಸೆಂಬರ್ 10ರಂದು ಕಾರ್ಲ್ಸ್‌ರೂವಿನಲ್ಲಿ ಅವನು ನಿರ್ಗತಿಕನಾಗಿ ಕಣ್ಮುಚ್ಚಿದನು. ಅದೇ ನಗರದಲ್ಲಿ ಆಗ ಏಳು ವರ್ಷದ ಬಾಲಕನೊಬ್ಬ ಬೆಳೆಯುತ್ತಿದ್ದನು. ಅವನೇ ಕಾರ್ಲ್ ಬೆಂಜ್.

ಡ್ರೈಸನ ಕಲ್ಪನೆ ಅವನೊಡನೆ ಮಣ್ಣಾಗಲಿಲ್ಲ. 1860ರ ದಶಕದಲ್ಲಿ ಪ್ಯಾರಿಸಿನ ಕುಶಲಕರ್ಮಿಗಳು ಮುಂದಿನ ಗಾಲಿಗೆ ಪೆಡಲುಗಳನ್ನು ಅಳವಡಿಸಿದರು. 1885ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿ ಹಿಂದಿನ ಗಾಲಿಗೆ ಸರಪಳಿ ಜೋಡಿಸಿದ ಸೈಕಲ್ಲನ್ನು ಹೊರತಂದನು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರನ್ನು ರೂಪಿಸಿದನು. ಬೆಂಜನೂ ತರುಣನಾಗಿದ್ದಾಗ ಸೈಕಲ್ಲಿನ ಪ್ರೇಮಿ. 1886ರಲ್ಲಿ ಹಕ್ಕುಪತ್ರ ಪಡೆದ ಅವನ ಮೊದಲ ಕಾರಿಗೆ ಇದ್ದುದು ಸೈಕಲ್ಲಿನಂತೆಯೇ ತಂತಿಕಡ್ಡಿಗಳ ಗಾಲಿಗಳು. ಹೀಗೆ ಕಾರು ಸೈಕಲ್ಲಿಗೆ ಋಣಿಯಾಯಿತು.

ಇಪ್ಪತ್ತನೆಯ ಶತಮಾನದಲ್ಲಿ ಕಾರು ಗೆದ್ದಿತು. ರಸ್ತೆಗಳು ನುಣುಪಾದವು, ಆದರೆ ಅವು ಕಾರಿಗಾಗಿ ಅಗಲವಾದವು. ಮನೆ ಒಂದು ಕಡೆ, ಕೆಲಸ ಇನ್ನೊಂದು ಕಡೆ, ಅಂಗಡಿ ಮತ್ತೊಂದು ಕಡೆ ಎಂಬಂತೆ ನಗರಗಳು ಹರಡಿದವು. ದೂರ ಹೆಚ್ಚಿದಂತೆ ಕಾರು ಅನಿವಾರ್ಯವಾಯಿತು. ಕಾರು ಹೆಚ್ಚಿದಂತೆ ದೂರವೂ ಹೆಚ್ಚಿತು. ಈ ಅವಲಂಬನೆಯಿಂದ ಬಿಡುಗಡೆ ಸಾಧ್ಯವೇ?

ನೆದರ್‌ಲ್ಯಾಂಡ್ಸ್ ದೇಶದ ಅನುಭವ ಇದಕ್ಕೆ ಉತ್ತರ ಕೊಡುತ್ತದೆ. 1971ರ ಒಂದೇ ವರ್ಷದಲ್ಲಿ ಅಲ್ಲಿ ರಸ್ತೆ ಅಪಘಾತಗಳಿಂದ 3,000ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ತಂದೆತಾಯಿಗಳು ಬೀದಿಗಿಳಿದು ಚಳವಳಿ ಹೂಡಿದರು. 1973ರಲ್ಲಿ ಪೆಟ್ರೋಲಿನ ಅಭಾವವೂ ಸೇರಿತು. ಕ್ರಮೇಣ ಸರ್ಕಾರ ಸೈಕಲ್ಲಿಗೆಂದೇ ಪ್ರತ್ಯೇಕ ದಾರಿಗಳನ್ನು ಕಟ್ಟಿಸಿತು. ಒತ್ತೊತ್ತಾಗಿ ಬೆಳೆದ ಅಲ್ಲಿನ ಊರುಗಳಲ್ಲಿ ಶಾಲೆ, ಅಂಗಡಿ, ರೈಲು ನಿಲ್ದಾಣಗಳು ಹತ್ತಿರವೇ ಇರುತ್ತವೆ. ಇಂದು ಅಲ್ಲಿಯ ಜನರ ಪ್ರಯಾಣಗಳಲ್ಲಿ ಕಾಲುಭಾಗಕ್ಕೂ ಹೆಚ್ಚು ಸೈಕಲ್ಲಿನ ಮೇಲೆ ನಡೆಯುತ್ತವೆ. ಹಾಗೆಂದು ಕಾರುಗಳು ಮಾಯವಾಗಿಲ್ಲ. ಇಬ್ಬರಿಗೆ ಒಂದರಂತೆ ಅಲ್ಲಿ ಕಾರುಗಳಿವೆ. ರೋಗಿಗಳಿಗೆ, ವೃದ್ಧರಿಗೆ, ಭಾರವಾದ ಸರಕಿಗೆ, ದೂರದ ಪಯಣಕ್ಕೆ ಸೈಕಲ್ಲೊಂದೇ ಸಾಲದು. ಬಸ್ಸು, ರೈಲುಗಳೂ ಬೇಕು, ಕೆಲವೊಮ್ಮೆ ಕಾರೂ ಬೇಕು. ಆದರೆ ಹತ್ತಿರದ ಕೆಲಸಗಳಿಗೆ ಕಾರಿನ ಹಂಗು ತಪ್ಪಿಸಬಹುದು. ಅದಕ್ಕೆ ಎರಡು ಅನುಕೂಲಗಳಿರಬೇಕು: ಊರು ಹರಡದೆ ಒಟ್ಟಾಗಿರಬೇಕು, ರಸ್ತೆಯಲ್ಲಿ ಸೈಕಲ್ಲಿಗೆ ನಿರ್ಭಯವಾದ ಎಡೆಯಿರಬೇಕು.

ಡ್ರೈಸನ ಕಾಲದಲ್ಲಿ ಇಲ್ಲದೆ ಹೋದುದು ಈ ಎರಡನೆಯದೇ. ಮ್ಯಾನ್‌ಹೈಮ್ ಅಡಕವಾದ ಊರೇ ಆಗಿತ್ತು. ಒಳ್ಳೆಯ ಯಂತ್ರವೂ ಒದಗಿತ್ತು. ದಾರಿ ಮಾತ್ರ ಇರಲಿಲ್ಲ. 1890ರ ದಶಕದಲ್ಲಿ ಜರ್ಮನಿಯ ಸೈಕಲ್ ಸವಾರರು ಕಾರ್ಲ್ಸ್‌ರೂವಿನಲ್ಲಿ ಡ್ರೈಸನಿಗೆ ಸ್ಮಾರಕವೊಂದನ್ನು ನಿಲ್ಲಿಸಿ ಗೌರವ ಸಲ್ಲಿಸಿದರು. ಅವನಿಗೆ ಸಲ್ಲಬೇಕಾದ ಇನ್ನೂ ದೊಡ್ಡ ಗೌರವವೆಂದರೆ, ಶಾಲೆಗೆ ಹೊರಟ ಮಗುವೊಂದು ಅಂಜಿಕೆಯಿಲ್ಲದೆ ಸೈಕಲ್ ತುಳಿಯಬಲ್ಲ ಬೀದಿ. ಅಂತಹ ಬೀದಿಗಳನ್ನು ಕಟ್ಟುವ ಹೊಣೆ ಮುಂದಿನ ನಾಗರಿಕರಾದ ನಿಮ್ಮ ಮೇಲೂ ಇದೆ.