ದೇವತೆಗಳ ಊರಿನ ಹೆಸರಿನ ನೌಕೆ

ಪಾಲಿ ಭಾಷೆಯ ಅಭ್ಯಾಸಿಗಳಿಗೆ ಚಿಲ್ಡರ್ಸ್ ಎಂಬ ಹೆಸರು ಅಪರಿಚಿತವಲ್ಲ. ಸಿಂಹಳದಲ್ಲಿ ಅಧಿಕಾರಿಯಾಗಿದ್ದು, ಮುಂದೆ ಪಾಲಿ-ಇಂಗ್ಲಿಷ್ ನಿಘಂಟನ್ನು ರಚಿಸಿದ ವಿದ್ವಾಂಸನಾತ. ಆತನ ಮಗನ ಕಥೆ ನನಗೆ ತಿಳಿದದ್ದು ತೀರ ತಡವಾಗಿ. ತಿಳಿದಂದಿನಿಂದ ಅದು ನನ್ನ ಮನಸ್ಸನ್ನು ಬಿಟ್ಟಿಲ್ಲ.

ಅರ್ಸ್ಕಿನ್ ಚಿಲ್ಡರ್ಸ್ 1870ರಲ್ಲಿ ಲಂಡನ್ನಿನಲ್ಲಿ ಜನಿಸಿದ. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡು, ಐರ್ಲೆಂಡಿನ ವಿಕ್ಲೋ ಪ್ರಾಂತದಲ್ಲಿದ್ದ ಸೋದರಮಾವನ ಮನೆಯಲ್ಲಿ ಬೆಳೆದ. ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಗುಮಾಸ್ತನಾದ, ಬೋಯರ್ ಯುದ್ಧದಲ್ಲಿ ಸಾಮ್ರಾಜ್ಯದ ಪರವಾಗಿ ಹೋರಾಡಿದ, 1903ರಲ್ಲಿ ಒಂದು ಗೂಢಚಾರ ಕಾದಂಬರಿ ಬರೆದು ಪ್ರಸಿದ್ಧನಾದ. ಬಾಸ್ಟನ್ನಿನ ಮಾಲಿಯನ್ನು ವರಿಸಿದಾಗ ಹೆಣ್ಣಿನ ಕಡೆಯವರು ಕೊಟ್ಟ ಉಡುಗೊರೆ ಒಂದು ಹಾಯಿನೌಕೆ. ಅದನ್ನು 1905ರಲ್ಲಿ ನಾರ್ವೆಯಲ್ಲಿ ಕಟ್ಟಿದವನು ಕಾಲಿನ್ ಆರ್ಚರ್. ಹೆಸರು ‘ಆಸ್ಗಾರ್ಡ್’; ನಾರ್ವೆಯ ಪುರಾಣಗಳಲ್ಲಿ ಅದು ದೇವತೆಗಳ ಊರು, ನಮ್ಮ ಅಮರಾವತಿಯಂತೆ.

1914ರ ಏಪ್ರಿಲ್‌ನಲ್ಲಿ ಐರಿಷ್ ಸ್ವಯಮಾಡಳಿತವನ್ನು ವಿರೋಧಿಸುವ ಆಲ್‌ಸ್ಟರಿನವರು ಸಾವಿರಾರು ಬಂದೂಕುಗಳನ್ನು ಕದ್ದು ತರಿಸಿದರು. ಸರಕಾರ ಸುಮ್ಮನಿತ್ತು. ಅದಕ್ಕೆ ಉತ್ತರವಾಗಿ ಚಿಲ್ಡರ್ಸನ ಗೆಳೆಯರು ಹ್ಯಾಂಬರ್ಗಿನಲ್ಲಿ 1,500 ಹಳೆಯ ಬಂದೂಕುಗಳನ್ನು ಕೊಂಡರು. ನಡುಗಡಲಿನಲ್ಲಿ ಅವುಗಳಲ್ಲಿ 900ನ್ನು ಆಸ್ಗಾರ್ಡ್ ಹೊತ್ತುಕೊಂಡಿತು. ಮಲಗುವ ಕೋಣೆಯ ತುಂಬ ಬಂದೂಕು. ಹಾಸಿಗೆ ಹಾಸಿದ್ದು ಅವುಗಳ ಮೇಲೆಯೇ. ಬಿರುಗಾಳಿಯನ್ನೂ ಬ್ರಿಟಿಷ್ ಯುದ್ಧನೌಕೆಗಳ ಸಾಲನ್ನೂ ದಾಟಿ, ಜುಲೈ 26ರ ಭಾನುವಾರ ನೌಕೆ ಡಬ್ಲಿನ್ ಸಮೀಪದ ಹೌತ್ ಬಂದರನ್ನು ಹೊಕ್ಕಿತು. ಚುಕ್ಕಾಣಿ ಮಾಲಿಯ ಕೈಯಲ್ಲಿತ್ತು. ಕಾದುನಿಂತಿದ್ದ ಸ್ವಯಂಸೇವಕರು ಸ್ವಲ್ಪ ಹೊತ್ತಿನಲ್ಲೇ ಸರಕನ್ನು ಇಳಿಸಿಕೊಂಡರು. ಅದೇ ಸಂಜೆ ಡಬ್ಲಿನ್ನಿನ ಬೀದಿಯಲ್ಲಿ ಸೈನಿಕರು ನಿರಾಯುಧ ಜನರ ಮೇಲೆ ಗುಂಡು ಹಾರಿಸಿದರು. 1916ರ ಬಂಡಾಯದಲ್ಲಿ ಮೊಳಗಿದ್ದು ಈ ಬಂದೂಕುಗಳೇ.

ವಿಚಿತ್ರವೆಂದರೆ, ಮಹಾಯುದ್ಧ ಆರಂಭವಾದೊಡನೆ ಚಿಲ್ಡರ್ಸ್ ಬ್ರಿಟಿಷ್ ನೌಕಾದಳವನ್ನು ಸೇರಿದ, ಶೌರ್ಯಪದಕವನ್ನೂ ಪಡೆದ. ಇದನ್ನು ದ್ವಂದ್ವವೆಂದು ಹಳಿಯಲು ನನಗೆ ಮನಸ್ಸಾಗದು. ಸಣ್ಣ ರಾಷ್ಟ್ರಗಳ ರಕ್ಷಣೆಗಾಗಿಯೇ ಆ ಯುದ್ಧವೆಂದು ಅವನು ನಂಬಿದ್ದ. ಆ ನಂಬಿಕೆ ಮುರಿದ ಮೇಲೆ, 1919ರಲ್ಲಿ, ಡಬ್ಲಿನ್ನಿಗೆ ಬಂದು ನೆಲೆಸಿದ. 1921ರ ಒಪ್ಪಂದದ ಮಾತುಕತೆಯಲ್ಲಿ ಐರಿಷ್ ನಿಯೋಗದ ಕಾರ್ಯದರ್ಶಿಯಾಗಿದ್ದೂ ಅದನ್ನು ಒಪ್ಪಲಿಲ್ಲ. ಅಂತರ್ಯುದ್ಧದಲ್ಲಿ, ತಾನು ಬೆಳೆದ ಮನೆಯಲ್ಲೇ ಸೆರೆಸಿಕ್ಕಿದ. ಅಪರಾಧ: ಬಳಿಯಲ್ಲೊಂದು ಪುಟ್ಟ ಪಿಸ್ತೂಲು. ಅದನ್ನು ಕೊಟ್ಟವನು ಒಪ್ಪಂದಕ್ಕೆ ಸಹಿ ಹಾಕಿದ ಮೈಕೇಲ್ ಕಾಲಿನ್ಸ್, ಇಬ್ಬರೂ ಒಂದಾಗಿದ್ದ ದಿನಗಳಲ್ಲಿ.

1922ರ ನವೆಂಬರ್ 24ರಂದು ಅವನು ತನ್ನನ್ನು ಕೊಲ್ಲಲಿದ್ದ ಸೈನಿಕರ ಕೈಗಳನ್ನು ಒಬ್ಬೊಬ್ಬರಾಗಿ ಕುಲುಕಿದ. ತನ್ನ ಸಾವಿಗೆ ಕಾರಣರಾದವರ ಕೈಯನ್ನೂ ಕುಲುಕಬೇಕೆಂದು ಹದಿಹರೆಯದ ಮಗನಿಂದ ಮಾತು ಪಡೆದಿದ್ದ. ಆ ಮಗ 1973ರಲ್ಲಿ ಐರ್ಲೆಂಡಿನ ರಾಷ್ಟ್ರಾಧ್ಯಕ್ಷನಾದ.

ನೌಕೆಯನ್ನು ಐರಿಷ್ ಸರಕಾರ 1961ರಲ್ಲಿ ಕೊಂಡಿತು. 2012ರಿಂದ ಅದು ಡಬ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಹಿಂದೆ ಸೇನಾನೆಲೆಯಾಗಿದ್ದ ಆ ಕಟ್ಟಡಕ್ಕಿರುವುದು ಕಾಲಿನ್ಸನ ಹೆಸರು.